ಏರೋಪ್ಲೇನ್ ಚಿಟ್ಟೆ ಹತ್ತೂವರೆವರೆಗೆ ಕಾಯುತ್ತದೆಯೇ?

ಮಾನ್ಯರೇ,

ನಮ್ಮ ಕೆರೆಯಲ್ಲಿ ಕ್ಯಾಮೆರಾಗೆ ಪಾಸ್ ಕಡ್ಡಾಯ ಎಂಬ ನಿಮ್ಮ ಪತ್ರಿಕೆಯ ಮೊನ್ನೆಯ ವರದಿ ಓದಿ, ಏನೋ ಒಳ್ಳೆಯದಕ್ಕೇ ಇರಬೇಕು ಅಂದುಕೊಂಡಿದ್ದೆ. ಅದರ ರುಚಿ ನಿನ್ನೆ ಗೊತ್ತಾಯಿತು.

ಐದಕ್ಕೆ ಎದ್ದು, ಹಾಲು ತರುವ ಕೆಲಸ ಮನೆಯವಳ ತಲೆಗೆ ಕಟ್ಟಿ (ಅದಕ್ಕೂ ಬೈಸಿಕೊಂಡೆ), ಮಂಡಿಗೆ ಪಟ್ಟಿ ಸುತ್ತಿ, ಟ್ರೈಪಾಡ್ ಹೊತ್ತು ಆರೂಕಾಲಕ್ಕೆ ಗೇಟಿನ ಮುಂದೆ ನಿಂತೆ. ಕಾವಲಿನವನು ಲೆನ್ಸ್ ನೋಡಿದವನೇ, 'ದೊಡ್ಡ ಕ್ಯಾಮೆರಾಗೆ ಪಾಸ್ ಬೇಕು ಸಾರ್' ಎಂದ. ಕೊಡಪ್ಪ, ದುಡ್ಡು ತಗೋ ಅಂದೆ. 'ಕೌಂಟರ್ ತೆಗೆಯೋದು ಹತ್ತೂವರೆಗೆ ಸಾರ್.'

ಹುಳುಗಳ ಫೋಟೊ ತೆಗೆಯುವುದು ಯಾವಾಗ ಅಂತ ಈ ನಿಯಮ ಮಾಡಿದವರಿಗೆ ಗೊತ್ತೇ? ರಾತ್ರಿಯ ಚಳಿಗೆ ಮರಗಟ್ಟಿದ ಏರೋಪ್ಲೇನ್ ಚಿಟ್ಟೆ ಬೆಳಗ್ಗೆ ಹುಲ್ಲುಕಡ್ಡಿ ಹಿಡಿದು ಅಲ್ಲಾಡದೆ ಕೂತಿರುತ್ತದೆ. ರೆಕ್ಕೆ ತುಂಬ ಇಬ್ಬನಿ. ಗೇಣು ದೂರಕ್ಕೆ ಹೋದರೂ ಹಾರುವುದಿಲ್ಲ. ಬಿಸಿಲು ತಾಗಿ ಮೈ ಬೆಚ್ಚಗಾಯಿತೋ, ಮುಗೀತು. ಆಮೇಲೆ ಅದರ ಹಿಂದೆ ಓಡಬೇಕು. ಈ ಮಂಡಿ ಇಟ್ಟುಕೊಂಡು ನಾನೆಲ್ಲಿ ಓಡಲಿ? ಹತ್ತೂವರೆಗೆ ಪಾಸ್ ತಗೊಂಡರೆ ತೇಲುವ ಪ್ಲಾಸ್ಟಿಕ್ ಬಾಟಲಿಗಳ ಫೋಟೊ ತೆಗೆಯಬಹುದು. ಅವು ಯಾವ ಹೊತ್ತಿಗೂ ಹಾರಿಹೋಗುವುದಿಲ್ಲ.

ಹೋಗಲಿ, ಎಲ್ಲರಿಗೂ ಒಂದೇ ನಿಯಮ ಅಂದಿದ್ದರೆ ಸುಮ್ನಿರುತ್ತಿದ್ದೆ. ನಾನು ವಾದ ಮಾಡುತ್ತಿದ್ದಾಗಲೇ ಎರಡು ಕಾರು ಸೀದಾ ಒಳಗೆ ಹೋದವು. ಪ್ರಿ-ವೆಡ್ಡಿಂಗ್ ಶೂಟಿಂಗ್. ಡ್ರೋನ್ ಬೇರೆ. ನೀರುಕಾಗೆ, ಇರುಳು ಬಕಗಳು ಕೂರುವ ಜಾಲಿ ಮರದ ಬುಡದಲ್ಲೇ ಗುಲಾಬಿ ಬಣ್ಣದ ಹೊಗೆ ಬಿಟ್ಟರು. ಒಂದು ನಿಮಿಷಕ್ಕೆ ಮರ ಖಾಲಿ. 'ಅವರದ್ದು ಪರ್ಮಿಶನ್ ಇದೆ ಸಾರ್' ಎಂದ ಕಾವಲಿನವನು. ಮದುಮಕ್ಕಳು ಚೆನ್ನಾಗಿರಲಿ. ಆ ಪರ್ಮಿಶನ್ ಕೊಟ್ಟ ಕೌಂಟರ್ ಎಷ್ಟು ಗಂಟೆಗೆ ತೆಗೆದಿತ್ತು?

ಗೂಡಿನ ಹತ್ತಿರ ಹೋಗುವ, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವ ಪುಣ್ಯಾತ್ಮರು ನಮ್ಮಲ್ಲೂ ಇದ್ದಾರೆ. ಅವರನ್ನು ಹಿಡಿಯಲಿ. ಬೇಡ ಅಂದವರ್ಯಾರು?

ಈ ನಿಯಮ ಮಾಡಿದವರ ಹಕ್ಕಿಪ್ರೀತಿ ನನಗೆ ಹೊಸದಲ್ಲ. ಏರಿಯ ಮಣ್ಣಿನ ದಂಡೆಯಲ್ಲಿ ಕಳ್ಳಿಪೀರಗಳು ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. ಅಭಿವೃದ್ಧಿ ಅಂತ ಅದಕ್ಕೆ ಕಾಂಕ್ರೀಟ್ ಬಳಿದರು. ಗೇಟಿನ ಬೋರ್ಡಿನಲ್ಲಿ ಮಿಂಚುಳ್ಳಿಯ ಚಿತ್ರದ ಕೆಳಗೆ 'ಮರಕುಟಿಗ' ಎಂದು ಬರೆದು ಮೂರು ವರ್ಷವಾಯಿತು. ಎರಡು ಸಲ ಅರ್ಜಿ ಕೊಟ್ಟೆ. 'ಪರಿಶೀಲನೆಯಲ್ಲಿದೆ.' ಏನು ಪರಿಶೀಲನೆಯೋ, ಮಿಂಚುಳ್ಳಿಯನ್ನೇ ಕೇಳುತ್ತಿರಬೇಕು. ನಿಜವಾದ ಹಕ್ಕಿಪ್ರೀತಿ ನೋಡಬೇಕೇ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಪಕ್ಕದ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಗೂಡು ಕಟ್ಟುತ್ತವೆ. ಊರಿನವರೇ ತಲೆಮಾರಿನಿಂದ ಕಾಪಾಡಿಕೊಂಡು ಬಂದಿದ್ದಾರೆ, ಅಲ್ವಾ? ಅಂದಹಾಗೆ, ನಿಮ್ಮ ವರದಿಯ ಜೊತೆಗಿದ್ದ ಚಮಚದ ಕೊಕ್ಕಿನ ಹಕ್ಕಿಯೂ ನಮ್ಮ ಕೆರೆಯದ್ದಲ್ಲ. ರಂಗನತಿಟ್ಟಿನ ಫೋಟೊ ಇರಬೇಕು.

ಕಚೇರಿಗೆ ಫೋನ್ ಮಾಡಿದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಸಂಜೆಯೂ ಅದೇ ಮೀಟಿಂಗು.

ಕೌಂಟರನ್ನು ಆರಕ್ಕೆ ತೆಗೆಯಲಿ, ಇಲ್ಲವೇ ಪಾಸನ್ನೇ ಕಿತ್ತುಹಾಕಲಿ. ಅಥವಾ ಶೂಟಿಂಗಿನವರೂ ಸೇರಿ ಯಾರನ್ನೂ ಒಳಗೆ ಬಿಡದೆ ಬೀಗ ಹಾಕಲಿ, ಹಕ್ಕಿಗಳಾದರೂ ನೆಮ್ಮದಿಯಾಗಿರುತ್ತವೆ. ಏನಾದರೂ ಒಂದು ಮಾಡಲಿ. ಹಾಗೇ ಕೆರೆಗೆ ಹೋಗುವ ರಸ್ತೆಯ ಎರಡು ದೀಪ ದೀಪಾವಳಿಯಿಂದ ಉರಿಯುತ್ತಿಲ್ಲ. ನಿನ್ನೆ ಕತ್ತಲಲ್ಲಿ ಎಡವಿದ್ದೂ ಅಲ್ಲೇ.

– ನಿವೃತ್ತ ಗಣಿತ ಮೇಷ್ಟ್ರು, ಕೆರೆ ಹಿಂದಿನ ಬಡಾವಣೆ