ದಾರಿ ಬಿಡಿಸಿದ ರಾಣೆ

ಕೊಟ್ಟಿಗೆಹಾರ

ಪ್ರಿಯ ಗೆಳೆಯ,

ಹೋದ ಸಲ ನಮ್ಮ ಕೆರೆ ಏರಿಯ ವೀರಗಲ್ಲಿನ ಮುಂದೆ ನಿಂತು, ಶೌರ್ಯವೆಂದರೆ ಕತ್ತಿ ಹಿಡಿದು ಮುನ್ನುಗ್ಗುವುದೇ ಎಂದು ನೀನು ವಾದಿಸಿದ್ದೆಯಲ್ಲ, ಅದಕ್ಕೆ ಉತ್ತರ ಮೊನ್ನೆ ಚಾರ್ಮಾಡಿ ಘಾಟಿಯಲ್ಲಿ ಹೊಳೆಯಿತು. ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಗರಗಸದ ಮಿಷನ್ ಬರುವವರೆಗೆ ಎರಡು ಗಂಟೆ ಜೀಪಿನಲ್ಲೇ ಕುಳಿತಿದ್ದೆ. ಮಳೆಯಲ್ಲಿ ಇಳಿದು ಕೊಂಬೆ ಎಳೆದವರು ನಾಲ್ಕೇ ಮಂದಿ, ಅವರಲ್ಲಿ ನಾನಿರಲಿಲ್ಲ.

ಆಗ ನೆನಪಾದವರು ಕಾರವಾರ ಸೀಮೆಯಲ್ಲಿ ಹುಟ್ಟಿದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ. ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ನಡೆದ ಮೊದಲ ಯುದ್ಧದಲ್ಲಿ, 1948ರ ಏಪ್ರಿಲ್ 8ರಂದು, ಜಮ್ಮು ಸೀಮೆಯ ನೌಶೇರಾದಿಂದ ರಜೌರಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಿಕೊಡುವುದು ಅವರ ತುಕಡಿಯ ಕೆಲಸವಾಗಿತ್ತು. ನೆಲಬಾಂಬು ತೆಗೆಯಲು ಸಿದ್ಧರಾಗುತ್ತಿದ್ದಂತೆಯೇ ಶತ್ರುಗಳ ಮಾರ್ಟರ್ ಶೆಲ್‌ಗಳು ಬಂದು ಬಿದ್ದವು. ಇಬ್ಬರು ಸತ್ತರು, ಗಾಯಗೊಂಡ ಐವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದಕ್ಕೆ ಹೋಗಲಿಲ್ಲ. ಉಳಿದವರನ್ನು ಒಟ್ಟುಗೂಡಿಸಿ, ಶತ್ರುವಿನ ಕಣ್ಣೆದುರಿನಲ್ಲೇ ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗೆ ಬದಲಿ ದಾರಿ ಕಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ಕೆಲಸ. ಮಧ್ಯಾಹ್ನ ಮೂರಕ್ಕೆ ಆ ದಾರಿ ಸಿದ್ಧವಾಗಿ ಪಡೆ ಹೊರಟಾಗ ಅವರು ಎಲ್ಲಕ್ಕಿಂತ ಮುಂದಿನ ವಾಹನವನ್ನೇ ಏರಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡ ಕೆಡವಿದ ಪೈನ್ ಮರಗಳು, ಇಳಿದು ಸಿಡಿಸಿದರು. ಇನ್ನೂ ಮುನ್ನೂರು ಗಜಕ್ಕೆ ಮತ್ತೆ ಮರ. ಅದರಾಚೆ ಒಡೆದ ಮೋರಿ, ಮಷಿನ್‌ಗನ್ ಗುಂಡಿನ ಮಳೆ. ಸಂಜೆಗತ್ತಲಲ್ಲಿ ಐದು ದೊಡ್ಡ ಪೈನ್ ಮರಗಳ ತಡೆ ಎದುರಾಯಿತು, ಸುತ್ತಲೂ ನೆಲಬಾಂಬು. ಅಲ್ಲಿಯೂ ರಾಣೆಯವರು ಬಾಂಬು ಕೀಳಲು ಕುಳಿತರಂತೆ. ಪಡೆಯ ಮುಖ್ಯಸ್ಥನೇ ಆ ರಾತ್ರಿಗೆ ಸಾಕೆಂದು ಟ್ಯಾಂಕುಗಳನ್ನು ತಂಗಿಸಿದ. ಮರುದಿನ ನಸುಕಿನ ನಾಲ್ಕೂಮುಕ್ಕಾಲಕ್ಕೆ ಆರಂಭಿಸಿ ಆರೂವರೆಯೊಳಗೆ ಅದನ್ನೂ ತೆರವುಗೊಳಿಸಿದರು. ಅಂದು ಮಧ್ಯಾಹ್ನ ಎರಡಕ್ಕೆ ಟ್ಯಾಂಕುಗಳು ರಜೌರಿ ದಾರಿಯಲ್ಲಿನ ಚಿಂಗಸ್ ಎಂಬ ಊರು ತಲುಪಿದವು. ರಾಣೆಯವರು ಮಾತ್ರ ಹಿಂದೆ ಬರುವ ಸರಂಜಾಮಿನ ಲಾರಿಗಳಿಗಾಗಿ ಅನ್ನ, ವಿಶ್ರಾಂತಿಯಿಲ್ಲದೆ ರಾತ್ರಿ ಒಂಬತ್ತರವರೆಗೆ ರಸ್ತೆಯಲ್ಲೇ ಇದ್ದರು.

ಆವೇಶದಲ್ಲಿ ಒಂದು ಗಳಿಗೆ ಪ್ರಾಣ ಮರೆಯಬಹುದು, ಒಪ್ಪುತ್ತೇನೆ. ಆದರೆ ಗಾಯದ ಮೈಯಲ್ಲಿ, ಗುಂಡು ಹಾರುತ್ತಿರುವಾಗ, ಕೈ ನಡುಗದಂತೆ ಮಣ್ಣಿನಿಂದ ಬಾಂಬನ್ನು ಬಿಡಿಸುವವನು ಯಾವ ಆವೇಶವನ್ನು ನಂಬಬೇಕು? ಅದೂ ದಿನಗಟ್ಟಲೆ? ನಮ್ಮ ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗವಿದೆ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರಿದ್ದಾರೆ, ಮೇಲೆ ಲಿಂಗವಿದೆ. ಮಂಡಿಯೂರಿ ಮಣ್ಣು ಕೆದರುವವನಿಗೆ ಅಲ್ಲಿ ಜಾಗವಿಲ್ಲ. ಬದುಕಿ ಉಳಿದವನಿಗಂತೂ ಕಲ್ಲೇ ಇಲ್ಲ. ರಾಣೆಯವರು ಬದುಕಿರುವಾಗಲೇ ಪರಮವೀರ ಚಕ್ರ ಪಡೆದರು, 1994ರವರೆಗೆ ಇದ್ದರು.

ಅಂದಹಾಗೆ, ಈಗ ಜೀಪಿನಲ್ಲಿ ಒಂದು ಮಚ್ಚು, ಒಂದು ಹಗ್ಗ ಇಟ್ಟುಕೊಂಡಿದ್ದೇನೆ. ನಗಬೇಡ.

ಇಂತಿ ನಿನ್ನ ಗೆಳೆಯ