ಕಾಫಿ ಕಣಕ್ಕೂ ಬರಲಿ ಜ್ಞಾನ ಆರ್ಥಿಕತೆ

ಮಾನ್ಯ ಸಂಪಾದಕರೇ,

ಜ್ಞಾನ ಆರ್ಥಿಕತೆ ಎಂದ ಕೂಡಲೇ ಐಟಿ ಪಾರ್ಕಿನ ಮಾತೇ ಮುಂದೆ ಬರುತ್ತದೆ. ಉದ್ಯಮ ಬೆಂಗಳೂರಿನಾಚೆಗೂ ಹರಡಲಿ ಎನ್ನುವ ‘ಬಿಯಾಂಡ್ ಬೆಂಗಳೂರು’ ಚರ್ಚೆಯೂ ಮೈಸೂರು, ಮಂಗಳೂರು, ಹುಬ್ಬಳ್ಳಿ ಸುತ್ತಲೇ ಹೆಚ್ಚು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕೊರತೆ ಬೇರೆಯದು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾಗಿದ್ದು 1925ರಲ್ಲಿ, ಎಸ್.795 ಎಂಬ ಅರೇಬಿಕಾ ಕಾಫಿ ತಳಿ ನಮ್ಮ ತೋಟಗಳಿಗೆ ಬಂದದ್ದು ಅಲ್ಲಿಂದಲೇ. ಗಿಡದ ಜ್ಞಾನ ಇಲ್ಲಿದೆ. ಬೆಲೆ ಕಟ್ಟುವ ಪರೀಕ್ಷೆ ಮಾತ್ರ ಕೊಳ್ಳುವವರ ಕೈಯಲ್ಲಿದೆ.

ರೋಬಸ್ಟಾ ಚೆರ್ರಿಯನ್ನೇ, ಅಂದರೆ ಸಿಪ್ಪೆ ಸಮೇತ ಒಣಗಿಸುವ ರೋಬಸ್ಟಾ ಕಾಫಿ ಹಣ್ಣನ್ನೇ ನೋಡಿ. ಶೇ 11 ತೇವಾಂಶಕ್ಕೆ ಒಣಗಿಸಿದರೆ ಸಾಕು. ಸಣ್ಣ ಬೆಳೆಗಾರ ಕಾಳು ಕುಲುಕಿ, ಸದ್ದು ಕೇಳಿ, ಅಂದಾಜಿನ ಮೇಲೆ ಚೀಲ ತುಂಬುತ್ತಾನೆ. ಶೇ 9ಕ್ಕೆ ಇಳಿದಿದ್ದರೆ 50 ಕಿಲೋ ತೂಗಬೇಕಿದ್ದ ಚೀಲ 48.9 ಕಿಲೋ ತೂಗುತ್ತದೆ. ನೂರು ಚೀಲಕ್ಕೆ 110 ಕಿಲೋ ಗಾಳಿಗೆ ಹೋಯಿತು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಇನ್ನೂ ಕೆಳಗೆ.

ಔಟ್‌ಟರ್ನ್, ಅಂದರೆ ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣದ ಕತೆಯೂ ಹೀಗೆಯೇ. ಅರ್ಧ ಕಿಲೋ ಚೆರ್ರಿಯನ್ನು ಹಲ್ಲರ್‌ಗೆ (ಸಿಪ್ಪೆ ಸುಲಿಯುವ ಯಂತ್ರ) ಹಾಕಿದಾಗ 260 ಗ್ರಾಂ ಬೀಜ ಸಿಕ್ಕರೆ 50 ಕಿಲೋ ಚೀಲಕ್ಕೆ 26 ಕಿಲೋ ಬೀಜ ಎಂದು ಲೆಕ್ಕ. 270 ಗ್ರಾಂ ಸಿಗಬೇಕಿದ್ದ ಮಾಲಿಗೆ 26 ಎಂದು ಬರೆದರೆ ನೂರು ಚೀಲಕ್ಕೆ ಒಂದು ಕ್ವಿಂಟಾಲ್ ಬೀಜದ ಹಣ ಹೋದಂತೆ. ಎಡವುವುದು ಹೆಚ್ಚಾಗಿ ಮಾದರಿ ತೆಗೆಯುವಲ್ಲಿ: ಒಂದೆರಡು ಚೀಲದ ಮೇಲ್ಭಾಗದಿಂದ ಒಂದು ಹಿಡಿ ತೆಗೆದರೆ ಸಾಲದು. ಹಲವು ಚೀಲಗಳ ಮೇಲೆ, ನಡು, ತಳದಿಂದ ತೆಗೆದು, ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಇಟ್ಟುಕೊಳ್ಳಬೇಕು. ಜೊತೆಗೆ ತೇವಾಂಶವನ್ನೂ ಬರೆಯಬೇಕು. ಹಸಿ ಬೀಜ ತೂಕವನ್ನು ಹೆಚ್ಚು ತೋರಿಸುತ್ತದೆ.

ಆದ್ದರಿಂದ ಕಾಫಿ ಹೋಬಳಿಗಳ ಪ್ರಾಥಮಿಕ ಸಹಕಾರ ಸಂಘಗಳಲ್ಲಿ ತೇವಾಂಶದ ಮೀಟರ್, ಸಣ್ಣ ಹಲ್ಲರ್, ಗ್ರಾಂ ತಕ್ಕಡಿ ಇಡಬೇಕು. ಪರೀಕ್ಷೆಯ ಚೀಟಿಯನ್ನು ಕೊಳ್ಳುವವರೂ ಒಪ್ಪುವ ನಿಯಮ ಬೇಕು. ಮೀಟರ್ ತಂದಿಟ್ಟು ಮರೆತರೆ ಪ್ರಯೋಜನವಿಲ್ಲ. ಚೆರ್ರಿ, ಪಾರ್ಚ್‌ಮೆಂಟ್ (ತಿರುಳು ತೆಗೆದು ತೆಳು ಹೊಟ್ಟಿನೊಂದಿಗೆ ಒಣಗಿಸಿದ ಕಾಫಿ), ಬೀಜಕ್ಕೆ ಅದರ ಸೆಟ್ಟಿಂಗ್ ಬೇರೆ ಬೇರೆ. 105 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ತೂಗಿದ ಲೆಕ್ಕದೊಂದಿಗೆ ಪ್ರತಿ ಹಂಗಾಮಿನ ಮೊದಲು ತಾಳೆ ನೋಡಲೇಬೇಕು. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್, ವಿಜ್ಞಾನ ಕಾಲೇಜುಗಳ ಪ್ರಯೋಗಾಲಯಗಳಿಗೆ ಈ ಕೆಲಸ ವಹಿಸಬಹುದು. ರುಚಿ ಪರೀಕ್ಷೆ, ಗ್ರೇಡಿಂಗ್ ಕಲಿತ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಬಸ್ಸು ಹತ್ತದೆಯೇ ಕೆಲಸ ಸಿಗುವ ದಾರಿಯೂ ಇದೇ.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೋಬಸ್ಟಾ ಅದರ ಹಿಂದೆಯೇ ಶುರುವಾಗುತ್ತದೆ. ಕಾಫಿ ಮಂಡಳಿಯೂ ಸಹಕಾರ ಇಲಾಖೆಯೂ ಮಳೆಗಾಲದಲ್ಲೇ ಕೂತು ಯಾವ ಸಂಘಕ್ಕೆ ಏನು ಎಂಬುದನ್ನು ತೀರ್ಮಾನಿಸಲಿ.

– ಕಾಫಿ ಬೆಳೆಗಾರರು, ಮೂಡಿಗೆರೆ