ಏನಾದ್ರೂ ಕಂಡುಬಿಟ್ಟರೆ

ಚಿರಂಜೀವಿ ಪುಟ್ಟನಿಗೆ ಆಶೀರ್ವಾದಗಳು.

ಕಾಗದದ ಕೊನೆಯಲ್ಲಿ ಸುಮ್ನೆ ಬರೆದ ಹಾಗೆ ಬರೆದಿದ್ದೀಯಲ್ಲ, "ಹಾರ್ಟಿನ ಸಿಟಿ ಸ್ಕ್ಯಾನ್ ಮಾಡಿಸಿ ಏನಾದ್ರೂ ಕಂಡುಬಿಟ್ಟರೆ, ದೊಡ್ಡಪ್ಪ?" ಅಂತ. ಆ ಸಾಲು ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ನಿಮ್ಮಪ್ಪನ ವಿಷಯ ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ.

ನಾನೂ ಇದೇ ಸ್ಕ್ಯಾನ್ ಮಾಡಿಸಿದಾಗ ನನಗೆ ಮೆಷಿನ್ ಹೆದರಿಕೆ ಇರಲಿಲ್ಲ. ಆದರೂ ಅವತ್ತು ನಾಡಿ 88ರಿಂದ ಇಳಿಯಲೇ ಇಲ್ಲ. ಹೃದಯ ಓಡುತ್ತಿದ್ದರೆ ಚಿತ್ರ ಮಸುಕಾಗುತ್ತದೆ, 60ರ ಹತ್ತಿರ ಬರಬೇಕು ಅಂತ ಮಾತ್ರೆ ಕೊಟ್ಟು ಒಂದು ಗಂಟೆ ಕೂರಿಸಿದರು. ಆಮೇಲೆ ಕೈಗೆ ಸೂಜಿ. ರಕ್ತನಾಳ ಎದ್ದು ಕಾಣಲಿ ಅಂತ ಹಾಕುವ ಡೈ ಒಳಗೆ ಹೋದ ಕೂಡಲೇ ಗಂಟಲಿಂದ ಕೆಳಹೊಟ್ಟೆವರೆಗೆ ಬಿಸಿ ಹರಿಯಿತು. ಉಚ್ಚೆ ಹೋಗೇಬಿಟ್ಟಿತು ಅಂತ ನಾಚಿಕೆಪಟ್ಟೆ. ಹೋಗಿರಲಿಲ್ಲ! ಉಸಿರು ಹಿಡೀರಿ ಅಂದರು, ಹತ್ತು ಎಣಿಸುವಷ್ಟರಲ್ಲಿ ಮುಗಿದಿತ್ತು.

ರಿಪೋರ್ಟಿನ ಲಕೋಟೆ ಮಾತ್ರ ಒಡೆಯಲಿಲ್ಲ. ಬೀರುವಿನಲ್ಲಿ ಬಟ್ಟೆಯ ಕೆಳಗೆ ಹನ್ನೊಂದು ದಿನ ಇಟ್ಟಿದ್ದೆ. ದೊಡ್ಡಮ್ಮ ಕೇಳಿದರೆ "ಇನ್ನೂ ಬಂದಿಲ್ಲ" ಅಂದೆ. ಅವಳು ನಂಬಿದಳು. ಅದು ಇವತ್ತಿಗೂ ಚುಚ್ಚುತ್ತದೆ. ಏನಾದ್ರೂ ಕಂಡರೆ ಅಂತೀಯಲ್ಲ, ನನಗೆ ಕಂಡಿತ್ತು ಕಣೋ. ಒಂದು ರಕ್ತನಾಳ ಅರ್ಧದಷ್ಟು ಕಿರಿದಾಗಿತ್ತು. ನಾಳ ತೆರೆದಿಡುವ ಸ್ಟೆಂಟ್ ಬೇಡ, ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿ ಅಂದರು. ಅದನ್ನೇ ಹನ್ನೊಂದು ದಿನ ಮೊದಲು ಶುರು ಮಾಡಬಹುದಿತ್ತು.

ಇನ್ನೊಂದು ಮಾತು. ನಾಳಗಳು ಚೊಕ್ಕವಾಗಿವೆ ಅಂತ ಈ ಸ್ಕ್ಯಾನ್ ಹೇಳಿದರೆ ಹೆಚ್ಚುಕಡಿಮೆ ನಂಬಬಹುದು. ಬ್ಲಾಕ್ ಇದೆ ಅಂದಾಗ ಹಾಗಲ್ಲ. ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಕೂತಿದ್ದರೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬೇರೆ ಪರೀಕ್ಷೆ ಮಾಡಿ ನೋಡುತ್ತಾರೆ. ಕಂಡರೂ ಕಂಡಷ್ಟೇ ಇರಬೇಕು ಅಂತಿಲ್ಲ, ಅಲ್ವಾ? ನಿನ್ನ ಗೆಳೆಯನಿಗೆ ಸೊನ್ನೆ ಬಂತು ಅಂತ ಬರೆದಿದ್ದೀಯಲ್ಲ, ಅದು ಡೈ ಇಲ್ಲದೆ ನಾಳದಲ್ಲಿ ಕೂತ ಕ್ಯಾಲ್ಸಿಯಂ ಮಾತ್ರ ಅಳೆಯುವ ಸ್ಕ್ಯಾನ್, ಕ್ಯಾಲ್ಸಿಯಂ ಸ್ಕೋರ್ ಅಂತಾರೆ. ಅದಕ್ಕೆ ಮೆತ್ತನೆಯ ಕೊಬ್ಬು ಕಾಣುವುದಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವ ನಿನಗೆ ಡಾಕ್ಟರ್ ಡೈ ಹಾಕುವುದನ್ನೇ ಬರೆದದ್ದು ಅದಕ್ಕೇ ಇರಬೇಕು.

ಬುದ್ಧಿ ಹೇಳುವ ಮುಖ ನನಗಿಲ್ಲ. ಆದರೂ ಹಿಂದಿನ ದಿನವೇ ಕಾಫಿ ಬಿಡು, ನಾಡಿ ಏರಿಸುತ್ತದೆ. ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ನೋಡಿದ್ದಾರಾ ಕೇಳು, ಡೈ ಹೊರಗೆ ಹಾಕುವುದು ಕಿಡ್ನಿಯೇ. ಯಾವುದಾದರೂ ಅಲರ್ಜಿ ಇದ್ದರೆ ಮೊದಲೇ ಹೇಳು. ಅಷ್ಟರೊಳಗೆ ಸುಮ್ಮನೆ ಕೂತಾಗಲೂ ಎದೆ ಬಿಗಿದರೆ ಸ್ಕ್ಯಾನ್ ದಿನಕ್ಕೆ ಕಾಯಬೇಡ, ತಕ್ಷಣ ಎಮರ್ಜೆನ್ಸಿಗೆ ಹೋಗು.

ಲಕೋಟೆ ಬಂದರೆ ಬೀರುವಿಗೆ ಹಾಕಬೇಡ. ಧೈರ್ಯ ಬರದಿದ್ದರೆ ಇಲ್ಲಿಗೆ ತಾ, ನಾನೇ ಒಡೆಯುತ್ತೇನೆ. ಕನ್ನಡಕ ಹುಡುಕುವಷ್ಟು ಹೊತ್ತು ತಡೆದುಕೋ.

ನಿನ್ನ ದೊಡ್ಡಪ್ಪ